ಕಂತು ವಾರಕ್ಕೆ, ರಾಶಿ ವರ್ಷಕ್ಕೆ

ಪ್ರಶ್ನೆ: ಸಂತಪುರದ ಹತ್ತಿರ ನಮ್ಮದು ನಾಲ್ಕು ಎಕರೆ ಖುಷ್ಕಿ ಹೊಲ. ಸೋಯಾ, ಉದ್ದು, ತೊಗರಿ ಬಿತ್ತುತ್ತೇವೆ. ಕೂಲಿಯೂ ಸೇರಿ, ಬೀಜ ಗೊಬ್ಬರದ ಖರ್ಚು ಕಳೆದು ವರ್ಷಕ್ಕೆ 1.8 ಲಕ್ಷ ಕೈಗೆ ಬರುತ್ತದೆ. ಎರಡು ಫೈನಾನ್ಸಿನ ಕಂತು ಸೇರಿ ವಾರಕ್ಕೆ 1,750 ರೂಪಾಯಿ. ಸಾಹುಕಾರರ ಹತ್ತಿರ ತಿಂಗಳಿಗೆ ನೂರಕ್ಕೆ ಮೂರರಂತೆ 40,000 ಕೈಗಡ. ಗೃಹಲಕ್ಷ್ಮಿ ಹಣವೂ ಕಂತಿಗೇ ಹೋಗುತ್ತದೆ. ಈಗ ಮೂರನೇ ಫೈನಾನ್ಸಿನವರು 60,000 ಕೊಡುತ್ತೇವೆ ಎನ್ನುತ್ತಾರೆ. ತೆಗೆದುಕೊಳ್ಳಲೇ? ಮಗಳ ಮದುವೆಗೆಂದು ಎರಡು ತೊಲೆ ಸರ ಇಟ್ಟಿದ್ದೇನೆ. ಎರಡನೇ ಫೈನಾನ್ಸಿನ ವಿಷಯ ನಮ್ಮ ಮನೆಯವರಿಗೆ ಗೊತ್ತಿಲ್ಲ.

ಉತ್ತರ: ಬೇಡ ತಾಯಿ, ಮೂರನೇ ಸಾಲಕ್ಕೆ ಸಹಿ ಹಾಕಬೇಡಿ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಮೈಕ್ರೋ ಫೈನಾನ್ಸಿನವರಿಗೆ ನಿಯಮ ಮಾಡಿದೆ. ನಿಮ್ಮ ಆದಾಯ ತಿಂಗಳಿಗೆ 15,000 ಬಿದ್ದರೆ ಕಂತೇ ಸುಮಾರು 7,580. ಸಾಹುಕಾರರ ಬಡ್ಡಿ ಸೇರಿಸುವ ಮೊದಲೇ ಗೆರೆ ದಾಟಿದ್ದೀರಿ.

ನೀವು ದುಂದು ಮಾಡಿದವರಲ್ಲ. ಉದ್ದಿನ ದುಡ್ಡು ಸೆಪ್ಟೆಂಬರಿನಲ್ಲಿ, ಸೋಯಾದ್ದು ಅಕ್ಟೋಬರಿನಲ್ಲಿ, ತೊಗರಿಯದು ಸಂಕ್ರಾಂತಿ ಹೊತ್ತಿಗೆ ಬರುತ್ತದೆ. ಕಂತು ಮಾತ್ರ ವಾರವಾರವೂ ಬಾಗಿಲಿಗೆ ಬರುತ್ತದೆ. ನಡುವಿನ ತಿಂಗಳು ತುಂಬಿಸಲು ಹೊಸ ಸಾಲ, ಅದರ ಕಂತಿಗೆ ಇನ್ನೊಂದು. ಔರಾದ, ಭಾಲ್ಕಿ ಕಡೆಯ ಎಷ್ಟೋ ಹೊಲಮನೆಗಳ ಪಾಡು ಇದೇ. ಆದ್ದರಿಂದ ನಿಮಗೆ ಬೇಕಾದದ್ದು ರಾಶಿಯಾದ ಮೇಲೆ ಒಮ್ಮೆಗೇ ತೀರಿಸುವ ಸಾಲ.

ಮೊದಲು ಸಾಹುಕಾರರದ್ದು ಮುಗಿಸಿ. ನೂರಕ್ಕೆ ಮೂರು ಎಂದರೆ ಕಡಿಮೆ ಎನಿಸುತ್ತದೆ, ಆದರೆ ತಿಂಗಳಿಗೆ 1,200, ವರ್ಷಕ್ಕೆ 14,400 ಆಯಿತು. ಅಸಲು ಅಲ್ಲೇ ಇರುತ್ತದೆ. ಸರವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಕೃಷಿ ಚಿನ್ನದ ಸಾಲ ಕೇಳಿ. ಬಡ್ಡಿ ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸು, ಅಂದರೆ ಸುಮಾರು 4,000. ಹೆಚ್ಚು ಕೊಡುತ್ತೇವೆಂದರೂ 40,000 ಮಾತ್ರ ತೆಗೆಯಿರಿ. ಸಾಹುಕಾರರಿಗೆ ಕೊಡುವಾಗ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನೀವು ಬರೆದುಕೊಟ್ಟ ಬಾಂಡ್ ಪೇಪರ್ ವಾಪಸು ಪಡೆಯದೆ ಎದ್ದು ಬರಬೇಡಿ. ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ. ಕಿರುಕುಳ ಕೊಟ್ಟು ಸಾಲ ವಸೂಲಿ ಮಾಡುವವರ ವಿರುದ್ಧ 2025ರಲ್ಲಿ ರಾಜ್ಯ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲಿದೆ. ಫೈನಾನ್ಸಿನವರೂ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ.

ಸೋಯಾ ಮಾರಿದ ವಾರವೇ ಸರ ಬಿಡಿಸಿ. ತೊಗರಿ ದುಡ್ಡಿನಲ್ಲಿ ಫೈನಾನ್ಸುಗಳಲ್ಲಿ ಚಿಕ್ಕದನ್ನು ಪೂರ್ತಿ ಕಟ್ಟಿಬಿಡಿ. ಅವಧಿಗೆ ಮುಂಚೆ ಕಟ್ಟಿದರೆ ದಂಡವಿಲ್ಲ. ಮುಂದಿನ ಬಿತ್ತನೆಗೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ ಬೆಳೆಸಾಲ ಕೇಳಿ, ಸಕಾಲಕ್ಕೆ ಕಟ್ಟುವವರಿಗೆ ಅಲ್ಲಿ ಬಡ್ಡಿಯೇ ಇಲ್ಲ. ಇದಕ್ಕಾಗಿ ನಾಲ್ಕು ಸಲ ಅಲೆಯಬೇಕಾದೀತು, ಅಲೆಯಿರಿ. ಬ್ಯಾಂಕಿಗೆ ಹೋದಾಗ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ ಎರಡನ್ನೂ ನಿಮ್ಮವರ ಹೆಸರಿನಲ್ಲಿ ಮಾಡಿಸಿ.

ಇದೆಲ್ಲ ಅವರಿಗೆ ತಿಳಿಸದೆ ಆಗುವ ಕೆಲಸವಲ್ಲ. ಎರಡೂ ಫೈನಾನ್ಸಿನ ಸಾಲದ ಕಾರ್ಡು ಅವರ ಮುಂದಿಡಿ. ಸಿಟ್ಟು ಬಂದೀತು, ಎರಡು ದಿನ ಮಾತು ಬಿಟ್ಟಾರು. ಆ ಹಣ ಎಲ್ಲಿಗೆ ಹೋಯಿತೆಂದು ಆಸ್ಪತ್ರೆ, ಕಿರಾಣಿ ಉದ್ರಿ ಸಮೇತ ಬರೆದು ತೋರಿಸಿ. ಮದುವೆಯ ಮಾತುಕತೆ ಸರ ಮನೆಗೆ ಬಂದ ಮೇಲೆ ಇರಲಿ.