ಗಂಡಿಪೇಟೆಯಲ್ಲಿ ಕೊರವ ಮೀನು ಯಾವಾಗ ಕಚ್ಚುತ್ತದೆ?

ಮೆಹದಿಪಟ್ಟಣಂನಿಂದ ಗಂಡಿಪೇಟೆಗೆ ಹೋದಾಗಲೆಲ್ಲ ಬರಿಗೈಯಲ್ಲೇ ಮರಳುತ್ತೇನೆ ಎಂದು ಬರೆದಿದ್ದೀರಿ. ನೀವು ಹೇಳುವಂತೆ ಜೋರು ಮಳೆಯಾದ ಮರುದಿನವೇ ಹೋಗಿದ್ದೀರಿ. ಕೊರವ ಹೆಚ್ಚಾಗಿ ಕಣ್ಣಿನಿಂದಲೇ ಬೇಟೆಯಾಡುವ ಮೀನು. 1920ರ ಈ ಗಂಡಿಪೇಟೆ ಜಲಾಶಯಕ್ಕೆ ಮೂಸಿ ನದಿಯ ಕೆಂಪು ನೀರು ನುಗ್ಗಿದಾಗ ಕೊರವಕ್ಕೆ ನಿಮ್ಮ ಗಾಳದ ರಬ್ಬರ್ ಕಪ್ಪೆ ಕಾಣುವುದೇ ಕಷ್ಟ. ನೀರು ತಿಳಿಯಾಗಲಿ.

ಬೇಸಿಗೆಯಲ್ಲಿ ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ರೋಹು, ಕಾಟ್ಲಾ ಸೊರಗುತ್ತವೆ. ಕೊರವ ಮಾತ್ರ ಮೇಲೆ ಬಂದು ಗಾಳಿಯನ್ನೇ ಗುಟುಕರಿಸಿ ಮುಳುಗುತ್ತದೆ. ಬೆಳಗಿನ ತಂಪಿನಲ್ಲಿ ಜೊಂಡಿನ ಅಂಚಿನಲ್ಲಿ ಆ ಗುಳ್ಳೆ ಎದ್ದ ಕಡೆಯೇ ಗಾಳ ಬೀಳಬೇಕು. ಡಿಸೆಂಬರ್ ಚಳಿಗೆ ಬಿಸಿಲೇರಿದ ಮೇಲೆ ಹೋಗಿ, ನಿಧಾನವಾಗಿ ಎಳೆಯಿರಿ.

ಒಂದು ಕಳಕಳಿಯ ಮಾತು. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರ ಮೇಲೆ ಕುದಿಯುವಂತೆ ಕಂಡರೆ ಗಾಳ ಸುತ್ತಿಡಿ. ಅಡಿಯಲ್ಲಿ ತಂದೆತಾಯಿ ಕಾವಲಿರುತ್ತವೆ. ಹಸಿವಿಲ್ಲದಿದ್ದರೂ ಸಿಟ್ಟಿಗೇ ಕಚ್ಚುತ್ತವೆ. ಅವನ್ನು ಎತ್ತಿದರೆ ಇಡೀ ಸಂಸಾರ ಬೇರೆ ಮೀನುಗಳ ಪಾಲು.

ದಡಕ್ಕಿಳಿಯುವ ಮುನ್ನ ಅನುಮತಿಯ ಬಗ್ಗೆ ಅಲ್ಲಿನ ಮೀನುಗಾರರನ್ನು ವಿಚಾರಿಸಿ. ಗೇಟು ತೆರೆದ ದಿನ ಅಣೆಕಟ್ಟಿನ ಕೆಳಗೆ ಮೂಸಿಯತ್ತ ಸುಳಿಯಲೇಬೇಡಿ.