ಮೊದಲ ಪಾಠಕ್ಕೆ ಅವಸರ ಬೇಡ

ಪ್ರೌಢಶಾಲೆಯಲ್ಲಿ ಅಮೆರಿಕದ ಇತಿಹಾಸ ಕಲಿಸುವವರಿಗೆ ಶಾಲೆ ಶುರುವಾದ ವಾರದಲ್ಲೇ ಒಂದು ಅವಸರ ಹತ್ತಿಕೊಳ್ಳುತ್ತದೆ. ಕೊಲಂಬಸ್, ಜೇಮ್ಸ್‌ಟೌನ್, ಮೇಫ್ಲವರ್ ಹಡಗು ಎಲ್ಲವನ್ನೂ ಬೇಗಬೇಗ ಮುಗಿಸಿ 1776ಕ್ಕೆ ಹೋಗಿಬಿಡೋಣ ಅನ್ನಿಸುತ್ತದೆ. ಪರೀಕ್ಷೆಯ ಲೆಕ್ಕವೂ ಅದನ್ನೇ ಹೇಳುತ್ತದೆ. ಕಾಲೇಜು ಮಟ್ಟದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆಯಲ್ಲಿ 1491ರಿಂದ 1607ರವರೆಗಿನ ಭಾಗಕ್ಕೆ ಇರುವುದು ಶೇ. 4ರಿಂದ 6ರಷ್ಟು ಅಂಕ, ಅಲ್ಲಿಂದ 1754ರವರೆಗಿನದಕ್ಕೆ ಶೇ. 6ರಿಂದ 8. ನಾನು ಪಾಠ ಮಾಡುವುದು ವರ್ಜೀನಿಯಾದ ರಿಚ್ಮಂಡಿನಲ್ಲಿ, ಹನ್ನೊಂದನೇ ತರಗತಿಗೆ. ಪೋಷಕರ ಸಭೆಯಲ್ಲಿ ಒಮ್ಮೆ ಹಾಸನದ ಕಡೆಯ ತಾಯಿಯೊಬ್ಬರು ಕೇಳಿಯೇಬಿಟ್ಟರು: "ಮೇಡಂ, ಸೆಪ್ಟೆಂಬರ್ ಮುಗೀತಾ ಬಂತು, ಇನ್ನೂ ಹೊಗೆಸೊಪ್ಪಿನ ಪಾಠದಲ್ಲೇ ಇದ್ದೀರಂತೆ. ಇದಕ್ಕೆಷ್ಟು ಮಾರ್ಕ್ಸ್ ಬರುತ್ತೆ?"

"ಮಾರ್ಕ್ಸ್ ಕಡಿಮೆಯೇ ಕಣ್ರೀ. ಆದರೆ ಮುಂದಿನ ಪಾಠಗಳಿಗೆಲ್ಲ ಇದೇ ತಳಪಾಯ" ಅಂದೆ. ಇಷ್ಟು ವರ್ಷ ಕಲಿಸಿದ ಮೇಲೆ ಆ ಮಾತಿನಲ್ಲಿ ನನ್ನ ನಂಬಿಕೆ ಇನ್ನಷ್ಟು ಗಟ್ಟಿಯಾಗಿದೆ.

ಮೊದಲ ದಿನ ಮಕ್ಕಳಿಗೆ ರಾಜ್ಯಗಳ ಗಡಿಯೇ ಇಲ್ಲದ ನಕ್ಷೆ ಕೊಡುತ್ತೇನೆ. ನದಿಗಳು, ಬೆಟ್ಟಸಾಲುಗಳು, ಕಡಲು ಇಷ್ಟೇ. ಮಿಸಿಸಿಪ್ಪಿ ನದಿಯ ಹತ್ತಿರ ಕಹೋಕಿಯಾ ಎಂಬಲ್ಲಿ ಕ್ರಿ.ಶ. 1100ರ ಸುಮಾರಿಗೆ ಸಾವಿರಾರು ಜನರ ಪಟ್ಟಣವಿತ್ತು, ನೂರು ಅಡಿ ಎತ್ತರದ ಮಣ್ಣಿನ ದಿಬ್ಬ ಈಗಲೂ ಅಲ್ಲಿದೆ. ನಮ್ಮದೇ ವರ್ಜೀನಿಯಾದ ಕರಾವಳಿಯಲ್ಲಿ ಸುಮಾರು ಮೂವತ್ತು ಬುಡಕಟ್ಟುಗಳು ಪೊಹಾಟನ್ ಎಂಬ ಒಬ್ಬ ಹಿರಿಯ ನಾಯಕನ ಅಧೀನದಲ್ಲಿದ್ದವು. ಆಮೇಲೆ ಸ್ಪೇನಿನವರು ಬರುತ್ತಾರೆ. ಫ್ಲಾರಿಡಾದ ಸೇಂಟ್ ಅಗಸ್ಟೀನ್ ಹುಟ್ಟಿದ್ದು 1565ರಲ್ಲಿ, ವರ್ಜೀನಿಯಾದ ಇಂಗ್ಲಿಷ್ ವಸಾಹತು ಜೇಮ್ಸ್‌ಟೌನಿಗಿಂತ 42 ವರ್ಷ ಮೊದಲು. 1680ರಲ್ಲಿ ಪ್ವೆಬ್ಲೊ ಮೂಲನಿವಾಸಿಗಳು ದಂಗೆಯೆದ್ದು ಸ್ಪೇನಿನವರನ್ನು ಸಾಂತಾ ಫೆಯಿಂದ ಓಡಿಸಿದರು, ಹನ್ನೆರಡು ವರ್ಷ ಒಳಗೆ ಬಿಡಲಿಲ್ಲ. ಇದನ್ನು ಹೇಳುವಾಗ ಮೆಕ್ಸಿಕೊ ಮೂಲದ ಮಕ್ಕಳು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಈ ದೇಶದ ಕಥೆ ಇಂಗ್ಲಿಷಿನಲ್ಲೇ ಆರಂಭವಾಯಿತೆಂದು ಅವರಿಗೆ ಯಾರೋ ಹೇಳಿಕೊಟ್ಟಿರುತ್ತಾರೆ.

ಇಷ್ಟಾದ ಮೇಲೆ ಜೇಮ್ಸ್‌ಟೌನ್. ಇಲ್ಲಿ ಮಾತ್ರ ನಾನು ಬೇಕೆಂದೇ ನಿಧಾನ ಮಾಡುತ್ತೇನೆ.

1607ರ ಮೇ ತಿಂಗಳಲ್ಲಿ ಬಂದಿಳಿದವರು ಸುಮಾರು 104 ಮಂದಿ, ಎಲ್ಲ ಗಂಡಸರು ಮತ್ತು ಹುಡುಗರು. ಅವರಲ್ಲೊಬ್ಬನಾದ ಜಾನ್ ಸ್ಮಿತ್ ಬರೆದಿಟ್ಟ ಪಟ್ಟಿಯಲ್ಲಿ ಅವರ ಹೆಸರಿನ ಜತೆ ಕಸುಬೂ ಇದೆ. ಅದನ್ನು ಮಕ್ಕಳ ಕೈಗೆ ಕೊಟ್ಟು, ಊರು ಕಟ್ಟಲು ಯಾರ್‍ಯಾರು ಬೇಕೋ ಅವರೆಲ್ಲ ಇದ್ದಾರಾ ನೋಡಿ ಅನ್ನುತ್ತೇನೆ. ಬಡಗಿಗಳು ನಾಲ್ವರು, ಕಮ್ಮಾರ, ಕ್ಷೌರಿಕ, ದರ್ಜಿ, ನಗಾರಿ ಬಾರಿಸುವವ ಸಿಗುತ್ತಾರೆ. ಉಳಿದಂತೆ ಸಾಲುಸಾಲು 'ಜೆಂಟಲ್‌ಮನ್‌'ಗಳು, ಮೈ ಬಗ್ಗಿಸಿ ದುಡಿದು ಅಭ್ಯಾಸವಿಲ್ಲದ ಮನೆತನದವರು. 1608ರ ಜನವರಿಯಲ್ಲಿ ಬಂದ ಎರಡನೇ ತಂಡದಲ್ಲಿ ಅಕ್ಕಸಾಲಿಗರಿದ್ದಾರೆ, ಲೋಹ ಶುದ್ಧಿ ಮಾಡುವವರಿದ್ದಾರೆ, ಸುಗಂಧದ್ರವ್ಯ ತಯಾರಿಸುವವನೂ ಒಬ್ಬನಿದ್ದಾನೆ. "ಇವರೇನು ಊರು ಕಟ್ಟೋಕೆ ಬಂದಿದ್ದಾ, ಚಿನ್ನ ಹುಡುಕೋಕೆ ಬಂದಿದ್ದಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕಳಿಸಿದ್ದು ಲಂಡನ್ನಿನ ವರ್ಜೀನಿಯಾ ಕಂಪನಿ, ಷೇರುದಾರರಿಗೆ ಲಾಭ ತೋರಿಸಬೇಕಿತ್ತು ಎಂಬ ವಿಷಯವನ್ನು ನಾನು ಹೇಳುವುದು ಆ ಪ್ರಶ್ನೆ ಬಂದ ಮೇಲೆಯೇ. ಪಟ್ಟಿಯಿಂದ ತಾವೇ ಕಂಡುಕೊಂಡದ್ದನ್ನು ಅವರು ಮರೆಯುವುದಿಲ್ಲ.

ಬಂದವರು ಸೋಮಾರಿಗಳು, ಅದಕ್ಕೇ ಸತ್ತರು ಎಂಬ ಸುಲಭ ತೀರ್ಮಾನಕ್ಕೆ ಮಕ್ಕಳು ಜಾರದಂತೆಯೂ ನೋಡಿಕೊಳ್ಳಬೇಕು. ಹಳೆಯ ಸೈಪ್ರಸ್ ಮರಗಳ ಉಂಗುರಗಳನ್ನು ಓದಿದ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದಂತೆ, 1606ರಿಂದ 1612ರವರೆಗಿನ ಏಳು ವರ್ಷಗಳು 770 ವರ್ಷಗಳಲ್ಲೇ ಅತಿ ಭೀಕರ ಬರಗಾಲ. ಬೇಸಿಗೆಯಲ್ಲಿ ಜೇಮ್ಸ್ ನದಿಗೆ ಉಪ್ಪುನೀರು ನುಗ್ಗುತ್ತಿತ್ತು. ಮೂಲನಿವಾಸಿಗಳ ಕಣಜದಲ್ಲೂ ಮೆಕ್ಕೆಜೋಳ ಕಡಿಮೆಯಿತ್ತು, ಅದನ್ನೇ ಇವರು ಕೊಡಿ ಎನ್ನುತ್ತಿದ್ದರು, ಕೊಡದಿದ್ದರೆ ಕಿತ್ತುಕೊಳ್ಳುತ್ತಿದ್ದರು. 1609–10ರ ಚಳಿಗಾಲ ಮುಗಿಯುವ ಹೊತ್ತಿಗೆ ಕೋಟೆಯಲ್ಲಿ ಬದುಕಿ ಉಳಿದವರು ಅರವತ್ತರಷ್ಟು. ಆಗ ತೀರಿಕೊಂಡ, ಸುಮಾರು ಹದಿನಾಲ್ಕರ ಹುಡುಗಿಯೊಬ್ಬಳ ಮೂಳೆಗಳ ಮೇಲೆ ಹಸಿದವರ ಕತ್ತಿಯ ಗುರುತುಗಳಿರುವುದನ್ನು ಪುರಾತತ್ವಜ್ಞರು 2013ರಲ್ಲಿ ಜಗತ್ತಿಗೆ ತಿಳಿಸಿದರು. ಇದನ್ನು ಮುಚ್ಚಿಡದೆ, ರಂಜಿಸದೆ ಹೇಳಬೇಕು. ಹದಿನಾರರ ಮಕ್ಕಳು ಸತ್ಯವನ್ನು ತಡೆದುಕೊಳ್ಳಬಲ್ಲರು.

ಮಕ್ಕಳನ್ನು ಅತಿ ಹತ್ತಿರಕ್ಕೆ ಎಳೆದುಕೊಳ್ಳುವುದು ಒಂದು ಕಾಗದ. 1623ರಲ್ಲಿ ರಿಚರ್ಡ್ ಫ್ರೆಥಾರ್ನ್ ಎಂಬ ಕರಾರಿನ ಆಳು ಜೇಮ್ಸ್ ನದಿ ದಂಡೆಯಿಂದ ಇಂಗ್ಲೆಂಡಿನಲ್ಲಿದ್ದ ಅಪ್ಪ ಅಮ್ಮನಿಗೆ ಬರೆದದ್ದು. ಬಂದಾಗಿನಿಂದ ಬಟಾಣಿ ಮತ್ತು ನೀರುಗಂಜಿ ಬಿಟ್ಟು ಬೇರೇನೂ ಕಂಡಿಲ್ಲ, ಹೊದ್ದುಕೊಳ್ಳುವ ಬಟ್ಟೆಯನ್ನು ಜತೆಯವನೇ ಕದ್ದ, ಹೇಗಾದರೂ ಕರಾರಿನಿಂದ ಬಿಡಿಸಿ, ಇಲ್ಲವೇ ಗಿಣ್ಣನ್ನೋ ಮಾಂಸವನ್ನೋ ಕಳಿಸಿ ಎಂದು ಗೋಗರೆಯುತ್ತಾನೆ. ಊಟದ ಮಾತು ಬಂದಲ್ಲೆಲ್ಲ ಹಳದಿ ಬಣ್ಣ ಹಚ್ಚಿ ಅನ್ನುತ್ತೇನೆ. ಹಾಳೆ ಹಳದಿಯಾಗುತ್ತಾ ಹೋಗುತ್ತದೆ.

ಇಂಥವನನ್ನು ಇಲ್ಲಿಗೆ ತಂದದ್ದು ಹೊಗೆಸೊಪ್ಪು. ಜಾನ್ ರಾಲ್ಫ್ ಎಂಬ ವಸಾಹತುಗಾರ 1612ರ ಸುಮಾರಿಗೆ ಹೊಸ ತಳಿ ಬೆಳೆದ, ಲಂಡನ್ನಿನಲ್ಲಿ ಬೆಲೆ ಬಂತು. ಆ ಬೆಳೆ ಮೂರ್ನಾಲ್ಕು ವರ್ಷದಲ್ಲಿ ಮಣ್ಣಿನ ಸತ್ವ ಹೀರಿಬಿಡುತ್ತದೆ, ಹಾಗಾಗಿ ಮತ್ತೆಮತ್ತೆ ಹೊಸ ನೆಲ ಬೇಕು. ನಾಟಿ, ಕುಡಿ ಚಿವುಟುವುದು, ಕೊಯ್ಲು, ಒಣಗಿಸುವುದು ಎಲ್ಲಕ್ಕೂ ಕೈ ಬೇಕು. ಒಬ್ಬ ಆಳನ್ನು ಕರೆತಂದರೆ 50 ಎಕರೆ ಎಂಬ ನಿಯಮ ಮಾಡಿದರು. ನೆಲದ ಹಸಿವು 1622ರಲ್ಲಿ ಮೂಲನಿವಾಸಿಗಳ ದೊಡ್ಡ ದಾಳಿಗೆ ದಾರಿಯಾಯಿತು. ಕೈಗಳ ಹಸಿವು ಎಲ್ಲಿಗೆ ಒಯ್ದಿತೆಂಬುದಕ್ಕೆ 1619 ಸಾಕು. ಆ ಜುಲೈನಲ್ಲಿ ಜೇಮ್ಸ್‌ಟೌನಿನ ಚರ್ಚಿನಲ್ಲಿ ವಸಾಹತಿನ ಚುನಾಯಿತ ಸಭೆ ಮೊದಲ ಸಲ ಕೂಡಿತು. ಆಗಸ್ಟ್ ಕೊನೆಯಲ್ಲಿ ಅದೇ ನದಿಯ ಬಾಯಿಗೆ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಹೊತ್ತ ಹಡಗು ಬಂತು, ಆಹಾರಕ್ಕೆ ಬದಲಾಗಿ ಅವರನ್ನು ಕೊಟ್ಟು ಹೋಯಿತು. ಈ ಎರಡನ್ನೂ ಒಂದೇ ದಿನ, ಬೋರ್ಡಿನ ಮೇಲೆ ಒಂದರ ಪಕ್ಕ ಒಂದು ಬರೆಯುತ್ತೇನೆ. ಬೇರೆಬೇರೆ ವಾರಗಳಲ್ಲಿ ಕಲಿಸಿದರೆ ಪ್ರಜಾಪ್ರಭುತ್ವದ ಕಥೆ ಒಂದು ಕಡೆ, ಗುಲಾಮಗಿರಿಯ ಕಥೆ ಇನ್ನೊಂದು ಕಡೆ ಉಳಿದುಬಿಡುತ್ತದೆ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು 1662ರಲ್ಲಿ ಕಾನೂನು ಮಾಡಿದ್ದು ಆ ಸಭೆಯೇ.

ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಎಳೆ ತೋರಿಸುತ್ತೇನೆ. ವರ್ಜೀನಿಯಾ ಕಂಪನಿಯ ಖಜಾಂಚಿಯಾಗಿದ್ದ ಸರ್ ಥಾಮಸ್ ಸ್ಮೈತ್, 1600ರಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ ಹೌದು. ಒಂದು ಕಂಪನಿ 1624ರಲ್ಲಿ ಸನದು ಕಳೆದುಕೊಂಡಿತು, ಇನ್ನೊಂದು 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯೊಳಗೆ ನುಗ್ಗಿತು. ಜೇಮ್ಸ್‌ಟೌನಿಗೆ ಹತ್ತಿರದ ಯಾರ್ಕ್‌ಟೌನಿನಲ್ಲಿ 1781ರಲ್ಲಿ ಸೋತ ಕಾರ್ನ್‌ವಾಲಿಸ್, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ. ಮನೆಗೆ ಹೋಗಿ ಅಜ್ಜಿ ತಾತನಿಗೆ ಫೋನಿನಲ್ಲಿ ಇದನ್ನು ಹೇಳಿದ ಹುಡುಗಿಯೊಬ್ಬಳು ಮರುದಿನ ಅವರ ಪ್ರಶ್ನೆಗಳ ಪಟ್ಟಿಯನ್ನೇ ತಂದಿದ್ದಳು.

ಈ ಭಾಗವನ್ನು ಮುಗಿಸುವುದು 1677ರ ಒಪ್ಪಂದದಿಂದ. ಪಮಂಕಿ ಜನರ ನಾಯಕಿ ಕೊಕಾಕೊಎಸ್ಕಿ ಇಂಗ್ಲಿಷರೊಂದಿಗೆ ಸಹಿ ಹಾಕಿದ ಒಪ್ಪಂದ ಅದು. ಅದರಂತೆ ಪಮಂಕಿ ಮತ್ತು ಮ್ಯಾಟಪೊನೈ ಬುಡಕಟ್ಟಿನವರು ಇಂದಿಗೂ ಪ್ರತಿ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುನ್ನಾದಿನ, ರಿಚ್ಮಂಡಿನ ರಾಜ್ಯಪಾಲರ ನಿವಾಸಕ್ಕೆ ಜಿಂಕೆ ತಂದು ಕಪ್ಪ ಒಪ್ಪಿಸುತ್ತಾರೆ. ಇನ್ನೂ ಯಾಕೆ ಕಪ್ಪ ಕೊಡಬೇಕು, ಇದು ಅವಮಾನವಲ್ಲವೇ ಎಂದು ಕೆಲವು ಮಕ್ಕಳು ಸಿಟ್ಟಾಗುತ್ತಾರೆ. ನಮ್ಮ ಮಾತು ನಾವು ಉಳಿಸಿಕೊಂಡಿದ್ದೇವೆ, ನಿಮ್ಮದನ್ನು ನೀವು ಉಳಿಸಿಕೊಳ್ಳಿ ಎಂದು ಸರ್ಕಾರಕ್ಕೆ ನೆನಪಿಸುವ ರೀತಿ ಇದು ಎಂದು ಇನ್ನು ಕೆಲವರು ವಾದಿಸುತ್ತಾರೆ. ನಾನು ನಡುವೆ ಬಾಯಿ ಹಾಕುವುದಿಲ್ಲ. ಆ ಒಪ್ಪಂದ ಯಾಕೆ ಬೇಕಾಯಿತು ಎಂಬುದಕ್ಕೆ 1676ರಲ್ಲಿ ಜೇಮ್ಸ್‌ಟೌನನ್ನೇ ಸುಟ್ಟುಹಾಕಿದ ಬೇಕನ್ ದಂಗೆಯನ್ನು ಓದಿಕೊಂಡು ಬನ್ನಿ ಎಂದು ಮನೆಪಾಠ ಕೊಡುತ್ತೇನೆ.