ಹಳೆಯ ಗಣಕಯಂತ್ರಕ್ಕೆ ಹೊಸ ಕಾರ್ಯವ್ಯವಸ್ಥೆ

ಪಟ್ಟಣದ ಕಚೇರಿಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಗಣಕಯಂತ್ರಗಳು ಹಳ್ಳಿಯ ಶಾಲೆಗಳಿಗೆ ದಾನವಾಗಿ ಬರುವದುಂಟು. ಪುಣೆ, ಸೊಲ್ಲಾಪುರಗಳಲ್ಲಿ ನೌಕರಿಯಲ್ಲಿರುವವರು ತಮ್ಮ ಹಳೆಯ ಯಂತ್ರವನ್ನು ಊರಿಗೆ ಕಳಿಸುವದೂ ಉಂಟು. ಅವು ನಡೆಯಲಿಲ್ಲವೆಂದು ಬಟ್ಟೆ ಹೊದಿಸಿ ಮೂಲೆಗಿಡುವದು ಸುಲಭ. ಆದರೆ ಹಾಗೆ ಮೂಲೆಗೆ ಬಿದ್ದ ಒಂದೊಂದು ಯಂತ್ರದಿಂದಲೂ ಕೆಲವು ಮಕ್ಕಳ ಕಲಿಕೆಯ ಸರದಿ ತಪ್ಪುವದು. ಆದ್ದರಿಂದ ಇಂಥ ಯಂತ್ರಗಳನ್ನು ಮತ್ತೆ ನಡೆಸುವ ಬಗೆಯನ್ನು ವಿದ್ಯಾರ್ಥಿಗಳೂ ಪಾಲಕರೂ ತಿಳಿಯಲೆಂದು ಈ ಪಾಠವನ್ನು ಬರೆದಿದ್ದೇವೆ.

ಕಾರ್ಯವ್ಯವಸ್ಥೆ ಎಂದರೇನು?

ಗಣಕದ ಎಲ್ಲ ಅವಯವಗಳನ್ನು ಒಂದೇ ಆಜ್ಞೆಯಲ್ಲಿಟ್ಟು ದುಡಿಸುವ ಮೂಲ ತಂತ್ರಾಂಶಕ್ಕೆ ಕಾರ್ಯವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್, ಎನ್ನುವರು. ಇದಕ್ಕೂ ಮುಪ್ಪು ಉಂಟು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ತಯಾರಕರ ದುರಸ್ತಿಗಳು 2014ರ ಎಪ್ರಿಲದಲ್ಲಿ ನಿಂತವು; ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ನಿಂತವು. ದುರಸ್ತಿ ನಿಂತ ವ್ಯವಸ್ಥೆಯನ್ನು ಅಂತರಜಾಲಕ್ಕೆ ಜೋಡಿಸುವದು ಕದವಿಲ್ಲದ ಮನೆಯಲ್ಲಿ ಜೋಳದ ಚೀಲ ಇಟ್ಟಂತೆಯೇ ಸರಿ. ಇಂಥಲ್ಲಿ, ಫಿನ್ಲಂಡ ದೇಶದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು 1991ರಲ್ಲಿ ಆರಂಭಿಸಿದ ಲಿನಕ್ಸ್ ಉಪಯೋಗಕ್ಕೆ ಬರುವದು. ಅದರ ಹಗುರವಾದ ಬಗೆಗಳು ಬೆಲೆಯಿಲ್ಲದೆ ದೊರೆಯುವವು.

ಯಂತ್ರವು 32 ಬಿಟ್ಟಿನದೋ 64 ಬಿಟ್ಟಿನದೋ ಎಂಬುದನ್ನು ಮೊದಲು ನೋಡತಕ್ಕದ್ದು. 2023ರ ಡೆಬಿಯನ್ 12 ಎರಡಕ್ಕೂ ಸಿಗುವದು. 2025ರ ಡೆಬಿಯನ್ 13ನ್ನು 32 ಬಿಟ್ಟಿನ ಯಂತ್ರದಲ್ಲಿ ಹೊಸದಾಗಿ ಕೂಡಿಸಲು ಬರುವದಿಲ್ಲ.

ಡಿಸ್ಕಿನ ತೊಡಕು

ಹಳೆಯ ಯಂತ್ರದ ಹಾರ್ಡ್ ಡಿಸ್ಕಿಗೆ ಪಟ್ಟಿಯಂತೆ ಅಗಲವಾದ ಕೇಬಲ್ ಇರುವದು. ಇದಕ್ಕೆ ಐಡಿಇ ಎಂದು ಹೆಸರು. ಈಚಿನ ಸಾಟಾ ಡಿಸ್ಕಿನ ಕೇಬಲ್ ಕಿರಿದು. ಒಂದೇ ಐಡಿಇ ಕೇಬಲ್ಲಿಗೆ ಎರಡು ಉಪಕರಣಗಳಿದ್ದರೆ ಒಂದನ್ನು ‘ಮಾಸ್ಟರ್’, ಇನ್ನೊಂದನ್ನು ‘ಸ್ಲೇವ್’ ಎಂದು ಹಿಂಬದಿಯ ಚಿಕ್ಕ ಜಂಪರಿನಿಂದ ಗೊತ್ತುಪಡಿಸಬೇಕು. ಎರಡನ್ನೂ ಮಾಸ್ಟರ್ ಮಾಡಿದರೆ ಯಂತ್ರವು ಡಿಸ್ಕನ್ನು ಗುರುತಿಸದೆ ಹೋಗಬಹುದು. ಡಿಸ್ಕು ಕೆಟ್ಟಿದೆಯೆಂದು ನಾವು ವ್ಯರ್ಥವಾಗಿ ತಿಳಿಯುವೆವು.

ಎರಡನೆಯ ತೊಡಕು ಗಣಿತದ್ದು. ಹಾಜರಿ ಪುಸ್ತಕದಲ್ಲಿ ಕ್ರಮಾಂಕಕ್ಕೆ ಎರಡೇ ಅಂಕಿಗಳ ಸ್ಥಳವಿದ್ದರೆ 99ರ ಮುಂದಿನ ವಿದ್ಯಾರ್ಥಿಯು ತರಗತಿಯಲ್ಲಿ ಕುಳಿತಿದ್ದರೂ ಪುಸ್ತಕದಲ್ಲಿ ಇರಲಾರನು. ಹಾಗೆಯೇ ಹಳೆಯ ಯಂತ್ರಗಳು ಡಿಸ್ಕಿನ ಒಂದೊಂದು ಮನೆಗೆ 28 ಬಿಟ್ಟುಗಳ ಕ್ರಮಾಂಕ ಕೊಡುತ್ತಿದ್ದವು. ಎರಡನ್ನು 28 ಸಲ ಗುಣಿಸಿದರೆ 26,84,35,456 ಮನೆಗಳು. ಒಂದು ಮನೆಗೆ 512 ಬೈಟಿನಂತೆ ಒಟ್ಟು 1,37,43,89,53,472 ಬೈಟುಗಳು, ಅಂದರೆ ಸುಮಾರು 137 ಗಿಗಾಬೈಟು. ಇದಕ್ಕಿಂತ ದೊಡ್ಡ ಡಿಸ್ಕು ಹಾಕಿದರೆ ಉಳಿದ ಭಾಗವು ಯಂತ್ರದ ಆರಂಭಿಕ ತಂತ್ರಾಂಶವಾದ ಬಯಾಸಿಗೆ ಕಾಣದು. ಮುಂದೆ 48 ಬಿಟ್ಟಿನ ಕ್ರಮಾಂಕ ಬಂದು ಈ ತೊಡಕು ನೀಗಿತು. ಹಳೆಯ ಯಂತ್ರದಲ್ಲಿ ದೊಡ್ಡ ಡಿಸ್ಕು ಇದ್ದರೆ, ಆರಂಭದ ಕಡತಗಳಿಗಾಗಿ ಡಿಸ್ಕಿನ ಮೊದಲಲ್ಲಿಯೇ ಒಂದು ಚಿಕ್ಕ ವಿಭಾಗವನ್ನು ಮಾಡುವದು ಕ್ಷೇಮ.

ಒಳಗೆ ಸೇರಿಸುವ ದಾರಿ

ಹೊಸ ವ್ಯವಸ್ಥೆಯನ್ನು ಈಗ ಪೆನ್ ಡ್ರೈವಿನಿಂದ ಕೂಡಿಸುವದು ವಾಡಿಕೆ. ಹಲವು ಹಳೆಯ ಯಂತ್ರಗಳು ಪೆನ್ ಡ್ರೈವಿನಿಂದ ಆರಂಭವಾಗಲಾರವು. ಆಗ ಸಿಡಿ ಅಥವಾ ಡಿವಿಡಿಯನ್ನು ಬಳಸಬೇಕು. ಸಿಡಿಯಲ್ಲಿ ಸುಮಾರು 700 ಮೆಗಾಬೈಟು, ಡಿವಿಡಿಯಲ್ಲಿ 4.7 ಗಿಗಾಬೈಟು ಹಿಡಿಯುವದು. ಸಿಡಿ ಮಾತ್ರ ಓದುವ ಯಂತ್ರವು ಡಿವಿಡಿಯನ್ನು ಓದದು. ಅದೂ ಸಾಗದಿದ್ದರೆ ಡಿಸ್ಕನ್ನು ಬಿಚ್ಚಿ, ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಉಪಕರಣದ ಮೂಲಕ ಬೇರೊಂದು ಗಣಕಕ್ಕೆ ಹಚ್ಚಿ, ಅಲ್ಲಿಯೇ ವ್ಯವಸ್ಥೆಯನ್ನು ಕೂಡಿಸಿ ಮರಳಿ ಇಡಬಹುದು. ಆಗ ಆ ಗಣಕದ ಸ್ವಂತ ಡಿಸ್ಕನ್ನು ಅಳಿಸದಂತೆ ಎಚ್ಚರವಿರಲಿ.

ಕೆಲಸದ ಕ್ರಮ

1. ಡಿಸ್ಕಿನಲ್ಲಿರುವ ಪತ್ರ, ಫೋಟೋ, ಲೆಕ್ಕಗಳನ್ನು ಬೇರೆಡೆಗೆ ನಕಲು ಮಾಡಿರಿ. ಸ್ಥಾಪನೆಯಲ್ಲಿ ಇಡೀ ಡಿಸ್ಕು ಅಳಿಯಬಹುದು. ಈ ಮೆಟ್ಟಿಲನ್ನು ಎಂದೂ ಬಿಡಬಾರದು.
2. ಪೆಟ್ಟಿಗೆ ಬಿಚ್ಚುವ ಮೊದಲು ವಿದ್ಯುತ್ ತಂತಿಯನ್ನು ಗೋಡೆಯಿಂದ ತೆಗೆಯಿರಿ. ಮಕ್ಕಳು ಹಿರಿಯರಿಲ್ಲದೆ ಬಿಚ್ಚಬಾರದು.
3. ಗಣಕದ ದಿನಾಂಕ ಮೇಲಿಂದ ಮೇಲೆ ತಪ್ಪುತ್ತಿದ್ದರೆ ಒಳಗಿನ ಗುಂಡಿಯಂಥ ಸೆಲ್ಲನ್ನು ಬದಲಿಸಿರಿ. ಬಹಳ ಯಂತ್ರಗಳಲ್ಲಿ ಇದು 3 ವೋಲ್ಟಿನ ಸಿಆರ್ 2032.
4. ಡಿಸ್ಕು ಟಕಟಕ ಸದ್ದು ಮಾಡುತ್ತಿದ್ದರೆ ಅದನ್ನು ನಂಬಬೇಡಿರಿ. ಬೇರೆ ಡಿಸ್ಕು ಹಾಕಿರಿ.
5. ಬಯಾಸಿನಲ್ಲಿ ಆರಂಭದ ಸರದಿಯನ್ನು ಬದಲಿಸಿ, ವಿದ್ಯುತ್ತು ನಿಲುಗಡೆಯಾಗದ ಹೊತ್ತು ನೋಡಿ ಸ್ಥಾಪನೆಗೆ ತೊಡಗಿರಿ.

ಕನ್ನಡದ ವಿಚಾರ

ವ್ಯವಸ್ಥೆ ಕೂಡಿತೆಂದು ಕೆಲಸ ಮುಗಿಯಲಿಲ್ಲ. ನಮ್ಮದು ಮಹಾರಾಷ್ಟ್ರದಲ್ಲಿಯ ಕನ್ನಡ ಊರು. ಅಂಗಡಿಯವರು ಕನ್ನಡ ಕೀಲಿಮಣೆಯನ್ನು ತಾವಾಗಿ ಕೂಡಿಸಿಕೊಡುವರೆಂದು ಕಾಯದೆ ನಾವೇ ಕೂಡಿಸಿಕೊಳ್ಳಬೇಕು. ಲಿನಕ್ಸಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಅಕ್ಷರಗಳೂ ಕನ್ನಡ ಕೀಲಿಮಣೆಗಳೂ ಉಚಿತವಾಗಿವೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಶಾಲೆಗಳಲ್ಲಿ ಲಿನಕ್ಸನ್ನೇ ಬಳಕೆಗೆ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಆ ರಾಜ್ಯದ ಪಠ್ಯಕ್ರಮದಲ್ಲಿಯೇ ಕಲಿಯುವರು. ಗಡಿಯ ಆ ತುದಿಯಲ್ಲಿ ಸಾಧ್ಯವಾದದ್ದು ಈ ತುದಿಯಲ್ಲಿಯೂ ಸಾಧ್ಯವು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ: ಹಳೆಯ ಗಣಕವನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಪರೀಕ್ಷಿಸಿರಿ. ತನ್ನ ಹೆಸರನ್ನು ಕನ್ನಡದಲ್ಲಿ ಮೂಡಿಸಲು ಮಗುವಿಗೆ ಹೊಸ ಯಂತ್ರವೇ ಬೇಕೆಂದಿಲ್ಲ.

ಅಭ್ಯಾಸ

1. ಕ್ರಮಾಂಕಕ್ಕೆ 10 ಬಿಟ್ಟುಗಳಿದ್ದರೆ ಎಷ್ಟು ಮನೆಗಳನ್ನು ಎಣಿಸಬಹುದು? ಒಟ್ಟು ಎಷ್ಟು ಬೈಟು ಹಿಡಿಯುವದು?
2. ಮಾಸ್ಟರ್, ಸ್ಲೇವ್ ಎಂದು ಗೊತ್ತುಪಡಿಸುವದು ಏಕೆ?
3. ಸ್ಥಾಪನೆಯ ಮೊದಲನೆಯ ಮೆಟ್ಟಿಲು ಯಾವುದು? ಕಾರಣ ತಿಳಿಸಿರಿ.